ಎರಡು ಕಂಪ್ಯೂಟರ್, ಮಧ್ಯೆ ಒಂದು ವೈರ್: ಕನೆಕ್ಟ್ ಆಗ್ತಿಲ್ಲಾಂದ್ರೆ ಎಲ್ಲಿಂದ ನೋಡುದು

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ನಮ್ಮ ಡೊಂಬಿವಲಿ, ಮುಲುಂಡ್, ಥಾಣೆ ಕಡೆ ಊರಿನವರ ಮನೆಯಲ್ಲೆಲ್ಲ ಒಂದೇ ರಗಳೆ. ಹೊಸ ಲ್ಯಾಪ್‌ಟಾಪ್ ಬಂತು, ಹಳೆ ಡೆಸ್ಕ್‌ಟಾಪ್ ಮೂಲೆಯಲ್ಲಿ ಕೂತಿದೆ, ಮಕ್ಕಳ ಫೋಟೋ, ಊರಿನ ಕೋಲದ ವೀಡಿಯೋ, ಹೋಟೆಲ್‌ನವರಾದ್ರೆ ಟ್ಯಾಲಿ ಡೇಟಾ ಎಲ್ಲ ಅದರ ಹೊಟ್ಟೆಯಲ್ಲೇ ಉಂಟು. ಪೆನ್‌ಡ್ರೈವ್‌ನಲ್ಲಿ ಸ್ವಲ್ಪ ಸ್ವಲ್ಪ ಸಾಗಿಸಿದ್ರೆ ಮುಗಿಯುವ ಕೆಲಸ ಅಲ್ಲ, ಕ್ಲೌಡಿಗೆ ಹಾಕಿ ಇಳಿಸುವಾಗ ವಾರ ಆಗ್ತದೆ. ಯಾರೋ ಹೇಳ್ತಾರೆ ಎರಡಕ್ಕೂ ಒಂದು ಲ್ಯಾನ್ ಕೇಬಲ್ ಸಿಕ್ಕಿಸು ಸಾಕು ಅಂತ, ಸಿಕ್ಕಿಸಿದ್ರೆ ಎಂತದೂ ಕಾಣುದಿಲ್ಲ, ಆಮೇಲೆ ರಾತ್ರಿ ಹನ್ನೊಂದಕ್ಕೆ ಫೋನು.

ಕೇಬಲ್ ಐಡಿಯಾ ಸರಿಯೇ ಉಂಟು, ಅದಕ್ಕಿಂತ ಚಂದದ ದಾರಿ ಮನೆಯಲ್ಲಿ ಬೇರೆ ಇಲ್ಲ. ತೊಂದ್ರೆ ಎಂತ ಅಂದ್ರೆ ಆಗ್ಲಿಲ್ಲ ಅಂದ ಕೂಡ್ಲೆ ಜನ ಹತ್ತು ಕಡೆ ಕೈ ಹಾಕ್ತಾರೆ, ಫೈರ್‌ವಾಲ್ ಆಫ್, ಶೇರಿಂಗ್ ಆನ್, ಡ್ರೈವರ್ ಡಿಲೀಟ್, ಕಡೆಗೆ ಎಲ್ಲಿ ಸಿಕ್ಕಿಹಾಕ್ಕೊಂಡಿತ್ತು ಅಂತ್ಲೇ ಗೊತ್ತಾಗುದಿಲ್ಲ. ನಾನು ಹೇಳುದು ಇಷ್ಟೆ, ನಡುವೆ ಒಂದು ಗೆರೆ ಎಳೀರಿ, ಆ ಗೆರೆ ಹೆಸರು ಪಿಂಗ್, ಅಂದ್ರೆ ಆಚೆ ಕಂಪ್ಯೂಟರ್ ಉತ್ತರ ಕೊಡ್ತದಾ ಅಂತ ತಟ್ಟಿ ನೋಡುವ ಒಂದು ಕಮಾಂಡ್. ಪಿಂಗ್ ಆಗ್ತಿಲ್ಲ ಅಂದ್ರೆ ವೈರ್, ಪೋರ್ಟ್, ಐಪಿ ಅಡ್ರೆಸ್, ಜಾಸ್ತಿ ಅಂದ್ರೆ ಹೊರಗಿನವರನ್ನು ತಡೆಯುವ ಫೈರ್‌ವಾಲ್ ಇಷ್ಟೇ ನೋಡಿ, ಶೇರಿಂಗ್ ಮುಟ್ಟಬೇಡಿ. ಪಿಂಗ್ ಆಗ್ತಾ ಉಂಟು ಆದ್ರೂ ಫೋಲ್ಡರ್ ತೆರೀತಿಲ್ಲ ಅಂದ್ರೆ ವೈರನ್ನು ಬಿಟ್ಟುಬಿಡಿ, ಅದು ಪರ್ಮಿಷನ್ ಮತ್ತು ಪಾಸ್‌ವರ್ಡ್ ಕಥೆ.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ಎರಡೂ ಕಂಪ್ಯೂಟರ್ ನಿಮ್ಮ ವೈಫೈ ರೂಟರ್ ಹತ್ತಿರ ತರ್ಲಿಕ್ಕೆ ಆಗ್ತದೆ, ಕೈಯಲ್ಲಿ ಎರಡು ಕೇಬಲ್ ಉಂಟು ಅಂತಾದ್ರೆ ಎರಡನ್ನೂ ರೂಟರಿನ ಲ್ಯಾನ್ ಪೋರ್ಟಿಗೇ ಹಾಕಿ, ಐಪಿ ಅಡ್ರೆಸ್ ಎಲ್ಲ ಅದೇ ಕೊಡ್ತದೆ, ಅರ್ಧ ತಲೆಬಿಸಿ ಅಲ್ಲೇ ಮುಗೀತು. ಆದ್ರೆ ಕೆಲವು ರೂಟರಿನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದು ಮಾತ್ರ ಇರ್ತದೆ, ಅದು ಗೊತ್ತಿರ್ಲಿ. ಇನ್ನು ಕೆಳಗೆ ಬರೆದದ್ದೆಲ್ಲ ಮಧ್ಯೆ ಎಂತದೂ ಇಲ್ಲದೆ ನೇರ ಸಿಕ್ಕಿಸುವವರಿಗೆ.

ವೈರ್ ಮತ್ತು ಲೈಟ್

ಮಾಮೂಲಿ ಲ್ಯಾನ್ ಕೇಬಲ್ ಸಾಕು, ಎರಡೂ ತುದಿಗೆ ಆರ್‌ಜೆ45 ಕನೆಕ್ಟರ್ ಇದ್ದದ್ದು. ಕ್ಯಾಟ್ 5ಇ ಆದ್ರೂ ಒಂದು ಗಿಗಾಬಿಟ್ ಆರಾಮಲ್ಲಿ ಹೋಗ್ತದೆ, ಕ್ಯಾಟ್ 6 ಸಿಕ್ಕಿದ್ರೆ ಅದೂ ಅಡ್ಡಿಲ್ಲ, ಕ್ಯಾಟ್ 8 ಅಂತ ದಪ್ಪ ವೈರ್ ತೋರಿಸಿ ಮೂರು ಪಟ್ಟು ರೇಟ್ ಹೇಳಿದ್ರೆ ಬೇಡ ಅನ್ನಿ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದ್ರೆ ಕಂಪ್ಯೂಟರ್ ಸಾಮಾನು ಸಿಗುವ ಲ್ಯಾಮಿಂಗ್ಟನ್ ರೋಡು, ಬೋರ್ಡಿನಲ್ಲಿ ಡಾಕ್ಟರ್ ದಾದಾಸಾಹೇಬ್ ಭಡ್ಕಂಕರ್ ಮಾರ್ಗ ಅಂತ ಇರ್ತದೆ, ಆದ್ರೆ ಆ ಹೆಸರು ಹೇಳಿ ಕೇಳಿದ್ರೆ ಅಲ್ಲಿನವರೇ ತಲೆ ಕೆರ್ಕೊಳ್ತಾರೆ. ಪುಣೆಯವರಿಗೆ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿ ಉಂಟು. ತೆಗೊಳ್ಳುವಾಗ ಪೂರಾ ತಾಂಬಾ ಹೈ ಕ್ಯಾ ಅಂತ ಒಂದು ಮಾತು ಕೇಳಿ, ಯಾಕಂದ್ರೆ ಒಳಗೆ ಅಲ್ಯೂಮಿನಿಯಂ, ಹೊರಗೆ ತಾಮ್ರದ ಲೇಪ ಅಂತ ಒಂದು ಜಾತಿ ಬರ್ತದೆ, ಚೀಪ್, ನಾಲ್ಕು ಸಲ ಬಗ್ಗಿಸಿದ್ರೆ ಒಳಗೇ ತುಂಡು.

ಕ್ರಾಸ್ ಕೇಬಲ್ ಬೇಕಲ್ವಾ ಅಂತ ಕೇಳುವವರು ಈಗ್ಲೂ ಇದ್ದಾರೆ. ಹಿಂದೆ ಬೇಕಿತ್ತು ಹೌದು. 100 ಎಂಬಿಪಿಎಸ್ ಕಾರ್ಡಿನಲ್ಲಿ 1 ಮತ್ತು 2ನೇ ಪಿನ್ನಿನಿಂದ ಡೇಟಾ ಹೊರಗೆ ಹೋಗ್ತದೆ, 3 ಮತ್ತು 6ರಿಂದ ಒಳಗೆ ಬರ್ತದೆ, ಎರಡು ಕಂಪ್ಯೂಟರನ್ನು ನೇರ ಜೋಡಿಸಿದ್ರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡ್ಲಿಕ್ಕೆ ಹೊರಟ ಹಾಗೆ ಆಗ್ತದೆ, ಅದಕ್ಕೆ ಒಂದು ತುದಿಯಲ್ಲಿ ಆ ಜೋಡಿಗಳನ್ನು ಅದಲು ಬದಲು ಮಾಡಿ ಕ್ರಿಂಪ್ ಮಾಡ್ತಿದ್ರು. ಈಗಿನ ಗಿಗಾಬಿಟ್ ಪೋರ್ಟುಗಳು ಆ ಅದಲು ಬದಲನ್ನು ಒಳಗೇ ಮಾಡಿಕೊಳ್ತವೆ, ಆಟೋ ಎಂಡಿಐ-ಎಕ್ಸ್ ಅಂತಾರೆ, ಎರಡರಲ್ಲಿ ಒಂದಕ್ಕೆ ಅದು ಇದ್ರೂ ಸಾಕು. ಹಾಗಾಗಿ ಎರಡೂ ತುದಿ ಓಬೀರಾಯನ ಕಾಲದ ಮೆಷೀನ್ ಆಗಿದ್ರೆ ಮಾತ್ರ ಕ್ರಾಸ್ ಕೇಬಲ್ ಚಿಂತೆ, ಆಗ್ಲೂ ಮಧ್ಯೆ ಒಂದು ಚಿಕ್ಕ ಸ್ವಿಚ್ ಇಟ್ರೆ ಕೆಲಸ ಆಯ್ತು.

ಕೇಬಲ್ ಸಿಕ್ಕಿಸಿ, ಎರಡೂ ಕಂಪ್ಯೂಟರ್ ಆನ್ ಇರ್ಬೇಕು, ಈಗ ಸ್ಕ್ರೀನ್ ಅಲ್ಲ, ಹಿಂದೆ ಪೋರ್ಟ್ ನೋಡಿ. ಹಸಿರೋ ಕೇಸರಿಯೋ ಒಂದು ಲೈಟ್ ಎರಡೂ ಕಡೆ ಬರ್ಬೇಕು. ಡೆಸ್ಕ್‌ಟಾಪ್ ಗೋಡೆಗೆ ತಾಗಿಸಿ ಇಟ್ಟಿದ್ರೆ ಮೊಬೈಲ್ ಕ್ಯಾಮೆರಾ ಹಿಂದೆ ತೂರಿಸಿ ನೋಡಿ. ಕೆಲವು ಲ್ಯಾಪ್‌ಟಾಪಿನಲ್ಲಿ ಲೈಟೇ ಇರುದಿಲ್ಲ, ಅಂಥದ್ದಕ್ಕೆ ವಿಂಡೋಸ್ ಕೀ ಜೊತೆ ಆರ್ ಒತ್ತಿದ್ರೆ ಬರುವ ರನ್‌ನಲ್ಲಿ ಎನ್‌ಸಿಪಿಎ ಡಾಟ್ ಸಿಪಿಎಲ್ ಅಂತ ಹೊಡೀರಿ, ಇಂಗ್ಲಿಷಿನಲ್ಲಿ ಹೊಡೀಬೇಕು ಅಂತ ಬೇರೆ ಹೇಳ್ಬೇಕಾಗಿಲ್ಲ, ನೆಟ್‌ವರ್ಕ್ ಕನೆಕ್ಷನ್ಸ್ ಅಂತ ಒಂದು ವಿಂಡೋ ತೆರೀತದೆ. ಅಲ್ಲಿ ಈಥರ್‌ನೆಟ್, ಅಂದ್ರೆ ಈ ಲ್ಯಾನ್ ಪೋರ್ಟಿನ ಐಕಾನ್ ಮೇಲೆ ಕೆಂಪು ಇಂಟು ಮಾರ್ಕ್ ಇದ್ದು ಕೇಬಲ್ ಅನ್‌ಪ್ಲಗ್ಡ್ ಅಂತ ಬರ್ತಿದ್ರೆ ವಿಂಡೋಸಿನಲ್ಲಿ ಎಂತ ಕುಟ್ಟಿದ್ರೂ ಪ್ರಯೋಜನ ಇಲ್ಲ, ಇನ್ನೂ ವೈರಿನಲ್ಲೇ ಇದ್ದೀರಿ.

ಲೈಟ್ ಇಲ್ಲ ಅಂದ್ರೆ ಹೆಚ್ಚಿನ ಸಲ ಆ ಪ್ಲಾಸ್ಟಿಕ್ ಕ್ಲಿಪ್ ಮುರಿದಿರ್ತದೆ, ಕನೆಕ್ಟರ್ ಅರ್ಧ ಹೊರಗೆ ಬಂದಿರ್ತದೆ, ಟಕ್ ಅಂತ ಸದ್ದು ಬರುವವರೆಗೆ ಒತ್ತಿ. ಇನ್ನೊಂದು ನಮ್ಮ ಮುಂಬಯಿ ಮಳೆಗಾಲದ ಪ್ರಸಾದ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಮನೆಗಳಲ್ಲಿ, ಗೋವಾದವರಿಗೂ ಇದೇ ಕಥೆ, ಎಷ್ಟೋ ವರ್ಷದಿಂದ ಖಾಲಿ ಬಿದ್ದ ಪೋರ್ಟಿನ ಒಳಗಿನ ಆ ಎಂಟು ಸಣ್ಣ ಸಣ್ಣ ತಂತಿಗಳ ಮೇಲೆ ಹಸಿರು ಪಾಚಿ ಬಣ್ಣ ಕೂತಿರ್ತದೆ, ಟಾರ್ಚ್ ಬಿಟ್ಟು ನೋಡಿದ್ರೆ ಕಾಣ್ತದೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತಗಿನ ಬ್ರಶ್ ಅದ್ದಿ ಉಜ್ಜಿ, ಪೂರ್ತಿ ಒಣಗ್ಲಿ, ಆಮೇಲೆ ಕನೆಕ್ಟರನ್ನು ನಾಲ್ಕೈದು ಸಲ ಹಾಕಿ ತೆಗೀರಿ. ಸೇಫ್ಟಿ ಪಿನ್ ಹಾಕಿ ಕೆರೆಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಆ ತಂತಿ ಒಂದು ಬಗ್ಗಿದ್ರೆ ಪೋರ್ಟೇ ಲಗಾಡಿ.

ಇನ್ನು ಲೈಟ್ ಬಂತು, ಆದ್ರೆ ಸ್ಪೀಡ್ ನೋಡಿ. ಈಥರ್‌ನೆಟ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಸ್ಟೇಟಸ್ ಬರ್ತದೆ, ಅದರಲ್ಲಿ 1.0 ಜಿಬಿಪಿಎಸ್ ಅಂತ ಇರ್ಬೇಕು. ಎರಡೂ ಕಂಪ್ಯೂಟರ್ ಗಿಗಾಬಿಟ್‌ನದ್ದಾಗಿದ್ದೂ 100 ಎಂಬಿಪಿಎಸ್ ತೋರಿಸ್ತಾ ಉಂಟು ಅಂದ್ರೆ ನೂರಕ್ಕೆ ತೊಂಬತ್ತು ಸಲ ವೈರಿನ ದೋಷ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, ನೂರಕ್ಕೆ ಎರಡೇ ಜೋಡಿ ಸಾಕು, ಹಾಗಾಗಿ ಉಳಿದ ಎರಡರಲ್ಲಿ ಒಂದು ಜೋಡಿ ಒಳಗೆ ಕಟ್ ಆಗಿದ್ರೂ ಕನೆಕ್ಷನ್ ಬರ್ತದೆ, ಆದ್ರೆ ನಿಧಾನ. ಮುಲುಂಡಿನಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆಯಲ್ಲಿ ಇದೇ ಆಗಿತ್ತು, ಕಪಾಟಿನ ಹಿಂದಿನಿಂದ ಮೊಳೆ ಹೊಡೆದು ಎಳೆದ ವೈರ್, ಒಂದು ಮೊಳೆ ಸರೀ ವೈರಿನ ನಡುವಿಗೇ ಕೂತಿತ್ತು, ಕಣ್ಣಿಗೆ ಒಂದು ಚಿಕ್ಕ ಡೊಂಕು ಅಷ್ಟೆ. ಬೇರೆ ಕೇಬಲ್ ಹಾಕಿದ ಕೂಡ್ಲೆ 1.0 ಬಂತು. ಇದು ಸಣ್ಣ ವಿಷಯ ಅಲ್ಲ. 300 ಜಿಬಿ ಕಾಪಿ ಮಾಡ್ಲಿಕ್ಕೆ ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಹಿಡಿದ್ರೆ ಮುಕ್ಕಾಲು ಗಂಟೆ, ನೂರರಲ್ಲಿ ಸೆಕೆಂಡಿಗೆ ಹನ್ನೊಂದು ಹನ್ನೆರಡು ಎಂಬಿ ಬಂದ್ರೆ ಏಳು ಗಂಟೆ ಮೀರ್ತದೆ.

ಈಗಿನ ತೆಳು ಲ್ಯಾಪ್‌ಟಾಪಿಗೆ ಲ್ಯಾನ್ ಪೋರ್ಟೇ ಇರುದಿಲ್ಲ, ಯುಎಸ್‌ಬಿ ಟು ಲ್ಯಾನ್ ಅಡಾಪ್ಟರ್ ತೆಗೊಳ್ಬೇಕು. ತೆಗೊಳ್ಳುವಾಗ ಯುಎಸ್‌ಬಿ 3 ಮತ್ತು ಗಿಗಾಬಿಟ್ ಎರಡೂ ಬರೆದಿದೆಯಾ ನೋಡಿ. ಯುಎಸ್‌ಬಿ 2ರದ್ದು ಎಷ್ಟು ಅಂದ್ರೂ ಸೆಕೆಂಡಿಗೆ ನಲ್ವತ್ತು ಎಂಬಿ ಆಸುಪಾಸು ನಿಲ್ತದೆ, ಅತೀ ಚೀಪಿನದ್ದು ನೂರು ಎಂಬಿಪಿಎಸ್‌ನದ್ದೇ. ಹಳೆ ಡೆಸ್ಕ್‌ಟಾಪಿನಲ್ಲಿ ಈಥರ್‌ನೆಟ್ ಅನ್ನುವ ಐಕಾನೇ ಕಾಣ್ತಿಲ್ಲ ಅಂದ್ರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಮಾರ್ಕ್ ಇರ್ತದೆ, ಡ್ರೈವರ್, ಅಂದ್ರೆ ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಇಲ್ಲ ಅಂತ ಅರ್ಥ, ಡ್ರೈವರ್ ಇಳಿಸ್ಲಿಕ್ಕೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು, ಈ ಸುತ್ತಿನಿಂದ ಹೊರಗೆ ಬರ್ಲಿಕ್ಕೆ ಮೊಬೈಲನ್ನು ಯುಎಸ್‌ಬಿ ವೈರಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಹೆಚ್ಚಾಗಿ ಅದು ಡ್ರೈವರ್ ಕೇಳದೆ ಕೆಲಸ ಮಾಡ್ತದೆ.

ಐಪಿ ಅಡ್ರೆಸ್

ಲೈಟ್ ಬಂದ ಮೇಲೆ ಕಂಪ್ಯೂಟರ್‌ಗಳಿಗೆ ಅಡ್ರೆಸ್ ಬೇಕು. ರೂಟರ್ ಇದ್ರೆ ಅದು ಹಂಚ್ತದೆ, ಇಲ್ಲಿ ಹಂಚುವವರು ಯಾರೂ ಇಲ್ಲ. ಸ್ವಲ್ಪ ಹೊತ್ತು ಕಾದು ಯಾರೂ ಉತ್ತರ ಕೊಡ್ಲಿಲ್ಲ ಅಂದ್ರೆ ವಿಂಡೋಸ್ ತಾನೇ 169.254 ಅಂತ ಶುರುವಾಗುವ ಒಂದು ನಂಬರ್ ಹಾಕ್ಕೊಳ್ತದೆ. ಇದನ್ನು ನೋಡಿ ಏನೋ ಕೆಟ್ಟೋಯ್ತು ಅಂತ ಬೊಬ್ಬೆ ಹಾಕುವವರೇ ಜಾಸ್ತಿ. ಹಾಗೇನಿಲ್ಲ, ಎರಡೂ ಕಡೆ 169.254 ಬಂದಿದ್ರೆ ಅವು ಅದರಲ್ಲೇ ಮಾತಾಡ್ತವೆ. ಆದ್ರೆ ಆ ನಂಬರ್ ನೆನಪಿಡ್ಲಿಕ್ಕೆ ಕಷ್ಟ, ಮೊದಲೇ ಯಾರೋ ಒಂದು ಕಡೆ ಕೈಯಿಂದ ಬೇರೆ ನಂಬರ್ ಹಾಕಿಟ್ಟಿದ್ರೆ ಹೊಂದುದಿಲ್ಲ, ಅದಕ್ಕೆ ನಾವೇ ಹಾಕಿಬಿಡುದು ಒಳ್ಳೇದು.

ಅದೇ ನೆಟ್‌ವರ್ಕ್ ಕನೆಕ್ಷನ್ಸ್ ವಿಂಡೋದಲ್ಲಿ ಈಥರ್‌ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇಂಟರ್‌ನೆಟ್ ಪ್ರೊಟೊಕಾಲ್ ವರ್ಷನ್ 4. ಹಳೆ ಕಂಪ್ಯೂಟರಿಗೆ 10.10.10.1, ಹೊಸದಕ್ಕೆ 10.10.10.2, ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0. ಗೇಟ್‌ವೇ ಖಾಲಿ, ಡಿಎನ್‌ಎಸ್ ಖಾಲಿ. ಖಾಲಿ ಬಿಟ್ರೆ ಏನೋ ತಪ್ಪು ಅಂತ ಅನಿಸ್ತದೆ, ಆದ್ರೆ ಅಲ್ಲಿ ಗೇಟ್‌ವೇ ತುಂಬಿಸಿದ್ರೇ ತಪ್ಪು, ಕಂಪ್ಯೂಟರ್ ಇಂಟರ್‌ನೆಟ್‌ಗೂ ಈ ವೈರಿನಲ್ಲೇ ಹೋಗ್ಲಿಕ್ಕೆ ನೋಡಿ ವೈಫೈ ಇದ್ದೂ ನೆಟ್ ಇಲ್ಲದ ಹಾಗೆ ಆಗ್ತದೆ.

ಯಾಕೆ 10.10.10, ಎಲ್ಲರೂ 192.168.1 ಅಂತಾರಲ್ಲ ಅಂದ್ರೆ, ಅದರಲ್ಲೇ ಒಂದು ಗುಂಡಿ ಉಂಟು. ಮನೆಯ ವೈಫೈ ರೂಟರ್ ಬಹಳಷ್ಟು ಸಲ 192.168.1 ಅಥವಾ 192.168.0ರಲ್ಲಿ ಇರ್ತದೆ, ಜಿಯೋ ಫೈಬರ್‌ನದ್ದಾದ್ರೆ 192.168.29. ಒಂದೇ ಬಿಲ್ಡಿಂಗ್ ಹೆಸರು ಎರಡು ಬೇರೆ ಬೇರೆ ಗಲ್ಲಿಯಲ್ಲಿ ಇದ್ರೆ ಪೋಸ್ಟ್‌ಮ್ಯಾನ್‌ಗೆ ಎಂತ ಆಗ್ತದೆ, ಅದೇ ಇಲ್ಲಿ ಆಗುದು, ವೈಫೈಗೂ ವೈರಿಗೂ ಒಂದೇ ಸರಣಿ ಕೊಟ್ರೆ ಕಂಪ್ಯೂಟರ್ ಯಾವ ಕಡೆಗೆ ಕಳಿಸ್ಬೇಕು ಅಂತ ತಿಳೀದೆ ತಪ್ಪು ಕಡೆ ಕಳಿಸಿಬಿಡ್ತದೆ. ವೈರಿಗೆ ಬೇರೆ ಸರಣಿ ಇದ್ರೆ ಫೈಲೆಲ್ಲ ವೈರಿನಲ್ಲಿ, ಇಂಟರ್‌ನೆಟ್ ವೈಫೈಯಲ್ಲಿ, ಯಾರಿಗೂ ಅಡ್ಡಿ ಇಲ್ಲ.

ಆ ವಿಂಡೋದಲ್ಲಿ ಎರಡು ಮೂರು ಈಥರ್‌ನೆಟ್ ಕಾಣ್ತಾ ಉಂಟಾ? ವರ್ಚುವಲ್‌ಬಾಕ್ಸೋ ಹೈಪರ್-ವಿಯೋ ವಿಪಿಎನ್ನೋ ಹಾಕಿದವರ ಮೆಷೀನಿನಲ್ಲಿ ಇದು ಸಾಮಾನ್ಯ, ಜನ ನಂಬರನ್ನು ತಪ್ಪು ಐಕಾನಿಗೆ ಹಾಕಿ ಕೂತಿರ್ತಾರೆ. ಕೇಬಲ್ ಒಮ್ಮೆ ಎಳೀರಿ, ಯಾವುದಕ್ಕೆ ಕೆಂಪು ಇಂಟು ಬರ್ತದೋ ಅದೇ ನಿಮ್ಮದು.

ಪಿಂಗ್ ಎಂತ ಹೇಳ್ತದೆ ಕೇಳಿ

ಹೊಸ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್ 10.10.10.1 ಹೊಡೀರಿ. ರಿಪ್ಲೈ ಬಂತು ಅಂದ್ರೆ ಗಮ್ಮತ್ತು, ಮುಂದಿನ ಭಾಗಕ್ಕೆ ಹಾರಿ. ಬರ್ಲಿಲ್ಲ ಅಂದ್ರೆ ಆಗ್ತಿಲ್ಲ ಅಂತ ಸುಮ್ನೆ ಮುಚ್ಚಬೇಡಿ, ಯಾವ ಸಾಲು ಬಂತು ಅಂತ ಓದಿ, ಅರ್ಧ ಉತ್ತರ ಅದರಲ್ಲೇ ಇರ್ತದೆ.

ಜನರಲ್ ಫೇಲ್ಯೂರ್ ಅಂತ ಬಂದ್ರೆ ನಿಮ್ಮ ಈ ಕಂಪ್ಯೂಟರಿನಲ್ಲೇ ಅಡ್ರೆಸ್ ಕೂತಿಲ್ಲ, ಅಥವಾ ಅಡಾಪ್ಟರ್ ಎದ್ದಿಲ್ಲ. ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್ ಅಂತ ನಿಮ್ಮದೇ ನಂಬರಿನಿಂದ ಉತ್ತರ ಬಂದ್ರೆ, ಈ ಕಂಪ್ಯೂಟರ್ ವೈರಿನಲ್ಲಿ ಕೂಗಿ ಕೇಳಿದೆ, 10.10.10.1 ಯಾರು ಅಂತ, ಆಚೆಯಿಂದ ಯಾರೂ ನಾನು ಅನ್ಲಿಲ್ಲ. ಅಂದ್ರೆ ಆಚೆ ಕಡೆ ಅಡ್ರೆಸ್ ತಪ್ಪು ಹಾಕಿದೆ, ತಪ್ಪು ಐಕಾನಿಗೆ ಹಾಕಿದೆ, ಅಥವಾ ವೈರೇ ಸರಿ ಇಲ್ಲ. ರಿಕ್ವೆಸ್ಟ್ ಟೈಮ್ಡ್ ಔಟ್ ಅಂತ ಬಂದ್ರೆ ಹೆಚ್ಚಾಗಿ ವೈರ್ ಸರಿ, ಅಡ್ರೆಸ್ ಸರಿ, ಆಚೆಯವನು ಬಾಗಿಲು ತೆಗೀತಿಲ್ಲ, ಫೈರ್‌ವಾಲ್.

ಇದನ್ನು ಗಟ್ಟಿ ಮಾಡ್ಲಿಕ್ಕೆ ಪಿಂಗ್ ಆದ ಕೂಡ್ಲೆ ಎಆರ್‌ಪಿ ಅಂತ ಹೊಡೆದು ಸ್ಪೇಸ್ ಬಿಟ್ಟು ಮೈನಸ್ ಎ ಹಾಕಿ. ಒಂದು ಪಟ್ಟಿ ಬರ್ತದೆ, ಅದರಲ್ಲಿ 10.10.10.1ರ ಎದುರು ಎರಡೆರಡು ಅಕ್ಷರದ ಆರು ಜೋಡಿ, ಅಂದ್ರೆ ಆ ಕಾರ್ಡಿನ ಮ್ಯಾಕ್ ಅಡ್ರೆಸ್ ಕಂಡ್ರೆ ಆಚೆ ಕಂಪ್ಯೂಟರ್ ವೈರಿನಲ್ಲಿ ಇದೆ, ಉತ್ತರವನ್ನೂ ಕೊಟ್ಟಿದೆ. ಯಾಕಂದ್ರೆ ಈ ಕೂಗಿ ಕೇಳುವ ಕೆಲಸಕ್ಕೆ ವಿಂಡೋಸ್ ಫೈರ್‌ವಾಲ್ ಅಡ್ಡ ಬರುದಿಲ್ಲ, ಪಿಂಗಿಗೆ ಮಾತ್ರ ಅಡ್ಡ ಬರ್ತದೆ. ನನಗೆ ಕೇಳಿದ್ರೆ ಈ ಇಡೀ ಕೆಲಸದಲ್ಲಿ ಅತೀ ಉಪಯೋಗದ ಒಂದು ಕಮಾಂಡ್ ಅಂದ್ರೆ ಇದೇ, ಕೇಬಲ್ ಟೆಸ್ಟರಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ.

ಈಗ ಫೈರ್‌ವಾಲ್. ಗೇಟ್‌ವೇ ಇಲ್ಲದ ವೈರನ್ನು ವಿಂಡೋಸ್ ಅನ್‌ಐಡೆಂಟಿಫೈಡ್ ನೆಟ್‌ವರ್ಕ್ ಅಂತ ಹೆಸರಿಟ್ಟು ಪಬ್ಲಿಕ್ ಲೆಕ್ಕಕ್ಕೆ ಹಾಕ್ತದೆ, ಅಂದ್ರೆ ನೀವು ದಾದರ್ ಸ್ಟೇಷನ್ನಿನ ವೈಫೈಯಲ್ಲಿ ಕೂತಿದ್ದೀರಿ ಅಂತ ಅದರ ಅಂದಾಜು, ಹೊರಗಿನಿಂದ ಯಾರನ್ನೂ ಒಳಗೆ ಬಿಡುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಈಥರ್‌ನೆಟ್ ಒಳಗೆ ಪ್ರೈವೇಟ್ ಅಂತ ಆಯ್ಕೆ ಇದ್ರೆ ಅದನ್ನು ಒತ್ತಿ. ಅದು ಕಾಣ್ತಿಲ್ಲ, ಇಲ್ಲ ಒತ್ತಿದ್ರೂ ನಿಲ್ತಿಲ್ಲ ಅಂದ್ರೆ ಕಂಟ್ರೋಲ್ ಪ್ಯಾನೆಲ್, ವಿಂಡೋಸ್ ಡಿಫೆಂಡರ್ ಫೈರ್‌ವಾಲ್, ಅಲೌ ಆ್ಯನ್ ಆ್ಯಪ್ ಅನ್ನುದರಲ್ಲಿ ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎದುರು ಪ್ರೈವೇಟ್, ಪಬ್ಲಿಕ್ ಎರಡಕ್ಕೂ ಟಿಕ್ ಹಾಕಿ. ಪಿಂಗಿಗೂ ಇದರಲ್ಲೇ ಪರ್ಮಿಷನ್ ಸಿಗ್ತದೆ. ಪಬ್ಲಿಕ್‌ನ ಟಿಕ್ ಕೆಲಸ ಆದ ಮೇಲೆ ತೆಗೀಬೇಕು, ಲ್ಯಾಪ್‌ಟಾಪನ್ನು ಹೊರಗೆ ಒಯ್ಯುವವರು ಇದನ್ನು ಹಾಗೇ ಬಿಡ್ಲಿಕ್ಕೆ ಇಲ್ಲ.

ಹೊರಗಿನ ಆ್ಯಂಟಿವೈರಸ್ ಹಾಕಿದ್ರೆ ಅದಕ್ಕೆ ಅದರದ್ದೇ ಫೈರ್‌ವಾಲ್ ಇರ್ತದೆ, ವಿಂಡೋಸಿನಲ್ಲಿ ನೀವು ಎಷ್ಟು ಟಿಕ್ ಹಾಕಿದ್ರೂ ಅದು ಕೇಳುದಿಲ್ಲ. ಡೌಟಿದ್ರೆ ವೈಫೈ ಆಫ್ ಮಾಡಿ, ಎರಡೂ ಕಡೆ ಫೈರ್‌ವಾಲನ್ನು ಎರಡು ನಿಮಿಷ ನಿಲ್ಲಿಸಿ ಪಿಂಗ್ ನೋಡಿ, ಆಯ್ತು ಅಂದ್ರೆ ಕಳ್ಳ ಸಿಕ್ಕಿದ, ಕೂಡ್ಲೆ ವಾಪಸ್ ಆನ್ ಮಾಡಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದ್ರೆ ಇಲ್ಲಿಗೇ ನಿಲ್ಲಿಸಿ, ಅದರಲ್ಲಿ ಇದೆಲ್ಲ ಐಟಿಯವರು ಬೀಗ ಹಾಕಿರ್ತಾರೆ, ಅದರ ಮೇಲೆ ಸರ್ಕಸ್ ಮಾಡಿ ನಾಳೆ ಮೇಲ್ ಬರಿಸ್ಕೊಳ್ಳುದು ಯಾರಿಗೆ ಬೇಕು.

ಫೋಲ್ಡರ್ ತೆರೆಯುದು

ಪಿಂಗ್ ಆಯ್ತು. ಈಗ ಹಳೆ ಕಂಪ್ಯೂಟರಿನಲ್ಲಿ ಕಾಪಿ ಮಾಡ್ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್, ಟಿಕ್ ಹಾಕಿ ಹೆಸರು ಕೊಡಿ. ಹೊಸದರಿಂದ ಓದಿದ್ರೆ ಸಾಕು, ಬರೆಯುದು ಬೇಡ, ಹಾಗಾಗಿ ರೀಡ್ ಪರ್ಮಿಷನ್ ಸಾಕು. ಪಕ್ಕದಲ್ಲೇ ಸೆಕ್ಯೂರಿಟಿ ಅಂತ ಇನ್ನೊಂದು ಟ್ಯಾಬ್ ಉಂಟು, ಅಲ್ಲೂ ಆ ಯೂಸರಿಗೆ ಪರ್ಮಿಷನ್ ಇರ್ಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುದು. ಎಲ್ಲ ಸರಿ ಇದ್ದೂ ಆಕ್ಸೆಸ್ ಡಿನೈಡ್ ಅಂದ್ರೆ ನೂರಕ್ಕೆ ನೂರು ಈ ಎರಡನೇ ಟ್ಯಾಬ್ ನೋಡಿರುದಿಲ್ಲ.

ಹೊಸ ಕಂಪ್ಯೂಟರಿನ ನೆಟ್‌ವರ್ಕ್ ಫೋಲ್ಡರ್ ತೆರೆದು ಹಳೆದರ ಐಕಾನ್ ಬರ್ಲಿ ಅಂತ ಕಾಯುವವರಿದ್ದಾರೆ, ಅದು ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ, ಅದನ್ನು ನಂಬಬೇಡಿ. ರನ್ ತೆಗೆದು ನೇರ \\10.10.10.1 ಅಂತ ಹೊಡೀರಿ. ಹಳೆ ವಿಂಡೋಸಿನಲ್ಲಿ ಶೇರಿಂಗಿಗೆ ಇದ್ದ ಹೋಮ್‌ಗ್ರೂಪ್ ಎಲ್ಲಿ ಹೋಯ್ತು ಅಂತ ಹುಡುಕಲೂ ಬೇಡಿ, 2018ರಲ್ಲೇ ವಿಂಡೋಸ್ 10ರಿಂದ ಅದನ್ನು ಕಿತ್ತು ಹಾಕಿದ್ದಾರೆ.

ಈಗ ಯೂಸರ್‌ನೇಮ್, ಪಾಸ್‌ವರ್ಡ್ ಕೇಳ್ತದೆ. ನನ್ನ ಪ್ರಕಾರ ಮನೆಗಳಲ್ಲಿ ಜನ ಅತೀ ಹೆಚ್ಚು ಸಿಕ್ಕಿಬೀಳುದು ಇಲ್ಲಿಯೇ. ಘಾಟ್‌ಕೋಪರಿನಲ್ಲಿ ಭಾವನ ಬಿಲ್ಲಿಂಗ್ ಕಂಪ್ಯೂಟರಿನಿಂದ ಡೇಟಾ ತೆಗೆಯುವಾಗ, ಭಾವ, ಇದರ ಪಾಸ್‌ವರ್ಡ್ ಎಂತ ಅಂತ ಕೇಳಿದೆ. ಅದಕ್ಕೆ ಎಂತ ಪಾಸ್‌ವರ್ಡ್ ಮಾರಾಯ, ಎಂಟರ್ ಹೊಡೆದ್ರೆ ಓಪನ್, ಎಲ್ಲ ಹುಡುಗರೂ ಅದನ್ನೇ ಯೂಸ್ ಮಾಡುದು ಅಂದ. ಅದೇ ರಗಳೆ. ಪಾಸ್‌ವರ್ಡ್ ಇಲ್ಲದ ಅಕೌಂಟ್ ಆ ಮೆಷೀನಿನ ಎದುರು ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೂಲಕ ಬಂದವರನ್ನು ವಿಂಡೋಸ್ ಖಾಲಿ ಪಾಸ್‌ವರ್ಡಿನಲ್ಲಿ ಒಳಗೆ ಬಿಡುದಿಲ್ಲ, ಡಿಫಾಲ್ಟ್ ಸೆಟ್ಟಿಂಗೇ ಹಾಗೆ. ಇನ್ನು ಕೆಲವರು ನಾಲ್ಕಂಕಿ ಪಿನ್ ಹೊಡೀತಾ ಕೂರ್ತಾರೆ, ಪಿನ್ ಕೂಡ ಆ ಒಂದು ಮೆಷೀನಿಗೆ ಮಾತ್ರ, ವೈರಿನ ಆಚೆಯಿಂದ ಅದು ನಡೆಯುದಿಲ್ಲ, ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು. ಅದು ಎಷ್ಟೋ ವರ್ಷದ ಹಿಂದೆ ಇಟ್ಟದ್ದು, ಯಾರಿಗೂ ನೆನಪಿರುದಿಲ್ಲ.

ಇದಕ್ಕೆಲ್ಲ ಒಂದೇ ಮದ್ದು, ಹಳೆ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೇ ಅಂತ ಒಂದು ಹೊಸ ಲೋಕಲ್ ಅಕೌಂಟ್ ಮಾಡಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಅದರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸುವ ಆಯ್ಕೆ ಉಂಟು, ಕಾಪಿ ಅಂತ ಹೆಸರಿಡಿ, ಒಂದು ಪಾಸ್‌ವರ್ಡ್ ಕೊಡಿ, ಶೇರಿಂಗ್ ಮತ್ತು ಸೆಕ್ಯೂರಿಟಿ ಎರಡೂ ಟ್ಯಾಬಿನಲ್ಲಿ ಆ ಹೆಸರಿಗೆ ರೀಡ್ ಕೊಡಿ. ಹೊಸ ಕಂಪ್ಯೂಟರಿನಲ್ಲಿ ಲಾಗಿನ್ ಕೇಳಿದಾಗ ಹಳೆ ಕಂಪ್ಯೂಟರಿನ ಹೆಸರು, ಬ್ಯಾಕ್‌ಸ್ಲ್ಯಾಶ್, ಕಾಪಿ, ಹೀಗೆ ಸೇರಿಸಿ ಬರೀರಿ. ಕಂಪ್ಯೂಟರಿನ ಹೆಸರು ಬಿಟ್ರೆ ಹೊಸದು ತನ್ನದೇ ಅಕೌಂಟ್ ಅಂತ ಎಣಿಸಿ ತಿರಸ್ಕರಿಸುದೂ ಉಂಟು.

ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿದ್ರೆ ಪಾಸ್‌ವರ್ಡೇ ಬೇಡ ಅಂತ ಹಳೆ ವೀಡಿಯೋಗಳಲ್ಲಿ ಹೇಳ್ತಾರೆ. ವಿಂಡೋಸ್ 11ರ 24ಎಚ್2 ಅನ್ನುವ ಅಪ್‌ಡೇಟ್ ಬಂದ ಮೇಲೆ, ಪ್ರೊ ಎಡಿಷನ್ ಆದ್ರೆ, ಗೆಸ್ಟ್ ಆಗಿ, ಅಂದ್ರೆ ಪಾಸ್‌ವರ್ಡ್ ಇಲ್ಲದೆ ಹೋಗುದನ್ನು ಅದೇ ತಡೀತದೆ. ಅದರ ಹಿಂದೆ ಬೀಳುವುದಕ್ಕಿಂತ ಅಕೌಂಟ್ ಮಾಡುದೇ ಬೇಗ ಆಗ್ತದೆ.

ಎರರ್ ನಂಬರ್ ಬಂದ್ರೆ ಅದನ್ನೂ ಓದಿ. 0x80070035 ಅಂದ್ರೆ ದಾರಿಯೇ ಸಿಕ್ಕಿಲ್ಲ, ಪಿಂಗ್ ಆಗಿಯೂ ಇದು ಬಂದ್ರೆ ಫೈಲ್ ಶೇರಿಂಗಿನ 445ನೇ ಪೋರ್ಟನ್ನು ಫೈರ್‌ವಾಲ್ ಹಿಡಿದಿದೆ. 1326 ಅಂದ್ರೆ ಹೆಸರೋ ಪಾಸ್‌ವರ್ಡೋ ತಪ್ಪು. 1219 ಅಂದ್ರೆ ಈಗಾಗ್ಲೇ ಬೇರೆ ಹೆಸರಿನಲ್ಲಿ ಆ ಕಂಪ್ಯೂಟರಿಗೆ ಕನೆಕ್ಟ್ ಆಗಿದ್ದೀರಿ, ರೀಸ್ಟಾರ್ಟ್ ಮಾಡಿದ್ರೆ ಹೋಗ್ತದೆ, ಹೋಗ್ಲಿಲ್ಲ ಅಂದ್ರೆ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಹಳೆ ಪಾಸ್‌ವರ್ಡ್ ಸೇವ್ ಆಗಿ ಕೂತಿರ್ತದೆ, ಅದನ್ನು ಡಿಲೀಟ್ ಮಾಡಿ.

ಹಳೆದು ವಿಂಡೋಸ್ 7 ಆದ್ರೆ ಹೆದರ್ಬೇಡಿ, 11ರ ಜೊತೆ ಅದು ಮಾತಾಡ್ತದೆ. ಎಕ್ಸ್‌ಪಿ ಆದ್ರೆ ಬೇರೆ ವಿಷಯ. ಅದಕ್ಕೆ ಫೈಲ್ ಶೇರಿಂಗಿನಲ್ಲಿ ಎಸ್‌ಎಂಬಿ 1 ಅನ್ನುವ ಹಳೆ ಭಾಷೆ ಬಿಟ್ರೆ ಬೇರೆ ಭಾಷೆ ಗೊತ್ತಿಲ್ಲ, ಹೊಸ ವಿಂಡೋಸಿನಲ್ಲಿ ಅದನ್ನು ಹಾಕಿಯೇ ಇರುದಿಲ್ಲ, 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಹರಡಿದ್ದು ಅದೇ ತೂತಿನಿಂದ. ಟರ್ನ್ ವಿಂಡೋಸ್ ಫೀಚರ್ಸ್‌ನಲ್ಲಿ ಅದನ್ನು ವಾಪಸ್ ಹಾಕ್ಲಿಕ್ಕೆ ಆಗ್ತದೆ, ನಾನಂತೂ ಹಾಕುದಿಲ್ಲ. ಎಕ್ಸ್‌ಪಿ ಮೆಷೀನಿನ ಹಾರ್ಡ್‌ಡಿಸ್ಕ್ ಕಳಚಿ ಯುಎಸ್‌ಬಿ ಅಡಾಪ್ಟರಿನಲ್ಲಿ ಹೊಸದಕ್ಕೆ ಸಿಕ್ಕಿಸಿ, ಕೇಬಲ್ ಸಹವಾಸವೇ ಬೇಡ.

ಕಾಪಿ ಶುರು ಆದ ಮೇಲೆ

ಆರಂಭದಲ್ಲಿ ನೂರು ಎಂಬಿ ಇದ್ದದ್ದು ಹತ್ತಕ್ಕೆ ಇಳೀತು ಅಂದ್ರೆ ವೈರನ್ನು ದೂರಬೇಡಿ, ಸಾವಿರಾರು ಸಣ್ಣ ಸಣ್ಣ ಫೈಲ್ ಇದ್ದ ಫೋಲ್ಡರ್ ಬಂದಿರ್ತದೆ, ವಾಟ್ಸ್‌ಆ್ಯಪ್ ಫೋಟೋಗಳ ಹಾಗೆ, ತಿರುಗುವ ಹಳೆ ಹಾರ್ಡ್‌ಡಿಸ್ಕಿಗೆ ಅದು ಕಷ್ಟ. ಅಂಥದ್ದನ್ನು ಕಂಪ್ರೆಸ್ ಮಾಡದೆ ಒಂದೇ ಜಿಪ್ ಮಾಡಿ ಕಳಿಸಿದ್ರೆ ಸ್ವಲ್ಪ ಬೇಗ. ಮಧ್ಯದಲ್ಲಿ ಕಟ್ ಆಗ್ತಾ ಉಂಟು ಅಂದ್ರೆ ಮೊದಲು ಎರಡೂ ಕಡೆ ಸ್ಲೀಪ್ ಆಫ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿಟ್ಟು ಊಟಕ್ಕೆ ಹೋದ್ರೆ ಕಾಪಿಯೂ ಮಲಗ್ತದೆ. ಆಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಆ ಲ್ಯಾನ್ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ತೆಗೆದು, ಪವರ್ ಉಳಿಸ್ಲಿಕ್ಕೆ ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೀರಿ. ಅಡ್ವಾನ್ಸ್ಡ್‌ನಲ್ಲಿ ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್ ಇದ್ದರೆ ಅದನ್ನೂ ಡಿಸೇಬಲ್ ಮಾಡಿ, ಹಳೆ ಕಾರ್ಡ್ ಹೊಸ ಕಾರ್ಡ್ ನಡುವೆ ಅದು ಕೆಲವೊಮ್ಮೆ ಕಿರಿಕ್ ಮಾಡ್ತದೆ.

ತುಂಬಾ ಡೇಟಾ ಇದ್ದವರು ವಿಂಡೋಸಿನಲ್ಲೇ ಇರುವ ರೋಬೋಕಾಪಿ ಅನ್ನುವ ಕಾಪಿ ಕಮಾಂಡ್ ಬಳಸಿ, ಕಟ್ ಆದ್ರೆ ಅದೇ ಕಮಾಂಡ್ ಮತ್ತೆ ಕೊಟ್ರೆ ಆಗಿದ್ದನ್ನು ಬಿಟ್ಟು ಉಳಿದದ್ದು ಮಾಡ್ತದೆ. ಒಂದು ಜಾಗ್ರತೆ, ಡಿಫಾಲ್ಟಿನಲ್ಲಿ ಅದು ಒಂದು ಫೈಲ್ ಬರ್ಲಿಲ್ಲ ಅಂದ್ರೆ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಟ್ರೈ ಮಾಡ್ತದೆ, ನಿಜವಾಗ್ಲೂ ಹತ್ತು ಲಕ್ಷ. ಹಾಗಾಗಿ ಕಡೆಯಲ್ಲಿ ಸ್ಲ್ಯಾಶ್ ಆರ್ ಕೋಲನ್ 2, ಸ್ಲ್ಯಾಶ್ ಡಬ್ಲ್ಯೂ ಕೋಲನ್ 2, ಅಂದ್ರೆ ಎರಡು ಸೆಕೆಂಡ್ ಬಿಟ್ಟು ಎರಡೇ ಸಲ ಟ್ರೈ ಮಾಡು ಅಂತ, ಸೇರಿಸಲೇಬೇಕು.

ಲ್ಯಾನ್ ಬೇಡ, ಯುಎಸ್‌ಬಿ ವೈರಿನಲ್ಲೇ ಸಿಕ್ಕಿಸ್ತೇವೆ ಅನ್ನುವವರಿಗೆ, ಎರಡೂ ತುದಿ ಚಪ್ಪಟೆ ಯುಎಸ್‌ಬಿ ಎ ಇರುವ ಮಾಮೂಲಿ ವೈರನ್ನು ಎರಡು ಕಂಪ್ಯೂಟರಿಗೆ ಯಾವತ್ತೂ ಹಾಕಬೇಡಿ. ಎರಡೂ ಕಡೆಯಿಂದ 5 ವೋಲ್ಟ್ ಬರ್ತದೆ, ಎರಡೂ ತಾನೇ ಯಜಮಾನ ಅಂತ ಕೂತಿರ್ತದೆ, ಡೇಟಾ ಒಂದು ಚೂರೂ ಹೋಗುದಿಲ್ಲ, ಪೋರ್ಟ್ ಸುಟ್ಟರೂ ಸುಟ್ಟಿತು. ನಡುವೆ ಚಿಪ್ ಇರುವ ಬ್ರಿಡ್ಜ್ ಕೇಬಲ್ ಬೇರೆ ಬರ್ತದೆ, ಅದಾದ್ರೆ ಸರಿ. ಹಳೆ ಚಾಳುಗಳಲ್ಲಿ ಅರ್ತಿಂಗ್ ಸರಿ ಇಲ್ಲದೆ ಡೆಸ್ಕ್‌ಟಾಪಿನ ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುವ ಮನೆಗಳಿಗೂ ಲ್ಯಾನೇ ವಾಸಿ, ಅದರ ಪೋರ್ಟಿನ ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದು ಎರಡು ಮೆಷೀನಿನ ಕರೆಂಟ್ ಒಂದಕ್ಕೊಂದು ತಾಗುದಿಲ್ಲ, ಶೀಲ್ಡ್ ಇಲ್ಲದ, ಪ್ಲಾಸ್ಟಿಕ್ ಕನೆಕ್ಟರಿನ ಕೇಬಲ್ ತೆಗೊಳ್ಳಿ ಅಷ್ಟೆ. ಮತ್ತೆ ವಿಂಡೋಸ್ 95ರ ಕಾಲದ ಡೈರೆಕ್ಟ್ ಕೇಬಲ್ ಕನೆಕ್ಷನ್ ನೆನಪಿರುವವರು ಸೀರಿಯಲ್ ಕೇಬಲ್ ಹುಡುಕ್ತಾರೆ, ಅದರ ಸ್ಪೀಡ್ ಜಾಸ್ತಿ ಅಂದ್ರೆ 115200 ಬಿಟ್, ಒಂದು ಜಿಬಿಗೆ ಒಂದು ಹಗಲು ಒಂದು ರಾತ್ರಿ ಬೇಕು, ಬಿಟ್ಟುಬಿಡಿ.

ಕಾಪಿ ಮುಗಿದ ಮೇಲೆ ನಾಲ್ಕೈದು ಫೋಟೋ, ಒಂದೆರಡು ದೊಡ್ಡ ವೀಡಿಯೋ ಹೊಸದರಲ್ಲಿ ತೆರೆದು ನೋಡಿ, ಎರಡೂ ಫೋಲ್ಡರಿನ ಸೈಜ್ ಹೊಂದಿಸಿ ನೋಡಿ, ಅಲ್ಲಿವರೆಗೆ ಹಳೆದರಲ್ಲಿ ಎಂತದೂ ಡಿಲೀಟ್ ಬೇಡ. ಆಮೇಲೆ ಶೇರಿಂಗ್ ತೆಗೀರಿ, ಆ ಕಾಪಿ ಅಕೌಂಟ್ ತೆಗೀರಿ, ಫೈರ್‌ವಾಲಿನ ಪಬ್ಲಿಕ್ ಟಿಕ್ ತೆಗೀರಿ, ಮತ್ತೆ ಎರಡೂ ಕಂಪ್ಯೂಟರಿನಲ್ಲಿ ಐಪಿ ಅಡ್ರೆಸ್ಸನ್ನು ಆಟೋಮ್ಯಾಟಿಕ್‌ಗೆ ವಾಪಸ್ ಹಾಕಿ. ಇದನ್ನು ಮರೆತ್ರೆ ಒಂದು ದಿನ ಅದೇ ಪೋರ್ಟಿಗೆ ರೂಟರಿನ ವೈರ್ ಸಿಕ್ಕಿಸಿ ನೆಟ್ ಬರ್ತಿಲ್ಲ ಅಂತ ಇಂಟರ್‌ನೆಟ್‌ನವರಿಗೆ ಕಂಪ್ಲೇಂಟ್ ಕೊಡ್ತೀರಿ, ಅವರ ಹುಡುಗ ಬಂದು ರೂಟರ್ ಬದಲಿಸಿ ಹೋದ್ರೂ ನೆಟ್ ಬರುದಿಲ್ಲ.